ಸಿರುಗುಪ್ಪದಿಂದ ಬಂದ ಎರಡು ಕರೆ

ನನ್ನ ಕೆಲಸ ಏನೆಂದು ನಮ್ಮ ಬಳಗದಲ್ಲಿ ತಿಳಿದುಕೊಂಡಿದ್ದವರು ಭಾವ ಒಬ್ಬರೇ. ಅಕ್ಕನ ಗಂಡ. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಮೆಕ್ಯಾನಿಕ್ ಆಗಿದ್ದರು. ಅಕ್ಕ ಅದೇ ಊರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿ, ಮನೆಯ ಮಹಡಿ ಕೋಣೆಯಲ್ಲೇ ಕೂತು, ಬೇರೆ ಬೇರೆ ದೇಶಗಳ ಆಸ್ಪತ್ರೆಗಳು ಬಳಸುವ ಒಂದು ಆ್ಯಪ್ ನಿಲ್ಲದಂತೆ ನೋಡಿಕೊಳ್ಳುತ್ತೇನೆ. ಎಲ್ಲೋ ಒಬ್ಬ ನರ್ಸ್ ರೋಗಿಯ ರಕ್ತಪರೀಕ್ಷೆಯ ವರದಿ ತೆರೆದರೆ ಆ ಕೋರಿಕೆ ಬೇಗ ತಲುಪಬಹುದಾದ ಸರ್ವರಿಗೆ ಹೋಗಬೇಕು. ಆ ಸರ್ವರ್ ಕೆಟ್ಟರೆ, ನಡುವಿನ ದಾರಿ ತುಂಡಾದರೆ, ಇನ್ನೊಂದು ದೇಶದ ಸರ್ವರಿಗೆ ತಿರುಗಿಸಬೇಕು. ಇದ್ಯಾವುದೂ ಆ ನರ್ಸಿಗೆ ಗೊತ್ತಾಗಬಾರದು.

ಇದನ್ನು ಮೊದಲ ಸಲ ವಿವರಿಸಿದಾಗ ಭಾವ ಕೈಗೆ ಹತ್ತಿದ ಗ್ರೀಸ್ ಒರೆಸಿಕೊಳ್ಳುತ್ತ, "ಅಂದ್ರ ಕಾಲುವಿ ನೀರು ಬಿಟ್ಟಂಗ. ಈ ತೂಬು ಕೆಟ್ರ ಆ ತೂಬು ಎತ್ತೋದು, ಅಷ್ಟ ಹೌದಲ್ಲ?" ಅಂದಿದ್ದರು. ಅಷ್ಟೇ ಹೌದು. ಆಮೇಲೆ ಯಾವಾಗ ಮಾತಾಡಿದರೂ "ಇವತ್ತು ಯಾವ ದೇಶಕ್ಕ ಬಿಟ್ಟಿಯವ್ವ ನೀರು?" ಎಂದು ಕೇಳುತ್ತಿದ್ದರು.

ಆ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಸಮುದ್ರದ ತಳದಲ್ಲಿ ಒಂದು ಕೇಬಲ್ ತುಂಡಾಯಿತು. ಪೂರ್ವ ಆಫ್ರಿಕಾದ ಆಸ್ಪತ್ರೆಗಳಿಂದ ಮುಂಬೈ ಸರ್ವರಿಗೆ ಬರುತ್ತಿದ್ದ ಕೋರಿಕೆಗಳು ಅರ್ಧದಾರಿಯಲ್ಲೇ ಸಿಕ್ಕಿಕೊಳ್ಳತೊಡಗಿದವು. ಒಂದು ವರದಿ ತೆರೆಯಲು ನಿಮಿಷಗಟ್ಟಲೆ. ಅಷ್ಟನ್ನೂ ಜೋಹಾನ್ಸ್‌ಬರ್ಗಿನ ಸರ್ವರಿಗೆ ತಿರುಗಿಸಬೇಕಿತ್ತು. ಒಮ್ಮೆಗೇ ತಿರುಗಿಸಿದರೆ ಅದೂ ಕುಸಿಯುತ್ತದೆ. ಸ್ವಲ್ಪ ಬಿಟ್ಟು, ತಾಳುತ್ತದೆಯೇ ನೋಡಿ, ಮತ್ತೆ ಸ್ವಲ್ಪ ಬಿಡಬೇಕು. ತಂಡದವರೆಲ್ಲ ಒಂದೇ ಕರೆಯಲ್ಲಿ ಸೇರಿದ್ದೆವು. ತಿರುಗಿಸುವ ಕೆಲಸ ನನ್ನ ಕೈಯಲ್ಲಿತ್ತು.

ಹನ್ನೊಂದೂವರೆಗೆ ಅಕ್ಕನ ಫೋನ್ ಬಂತು. ಸದ್ದು ಅಡಗಿಸಿ, ಮೊಬೈಲನ್ನು ಬೋರಲು ಹಾಕಿದೆ. ಆಮೇಲೆ ಇನ್ನೊಂದು ಸಲ ಅದು ಮೇಜಿನ ಮೇಲೆ ಗುಂಯ್‌ಗುಟ್ಟಿದ್ದು ಕೇಳಿಸಿತು. ತಿರುಗಿಸಿ ನೋಡಿದೆ, ಅಕ್ಕನದೇ. ಅದನ್ನೂ ಬಿಟ್ಟೆ.

ಮುಗಿದಾಗ ಮೂರು ಗಂಟೆ ದಾಟಿತ್ತು. ಅಕ್ಕನಿಗೆ ಫೋನ್ ಹಚ್ಚಿದೆ. ವ್ಯಾಪ್ತಿಯ ಹೊರಗಿದ್ದಾರೆ ಎಂದಿತು. ಭಾವನದೂ ಹಾಗೆಯೇ. ಅನ್ನ ಕಲಸಿಕೊಂಡು ಎರಡು ತುತ್ತು ತಿಂದಿರಬೇಕು, ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಅಕ್ಕನ ಶಾಲೆಯ ಇನ್ನೊಬ್ಬ ಟೀಚರ್. ಕುರುಗೋಡಿನಿಂದ ದಿನಾ ಸಿರುಗುಪ್ಪಕ್ಕೆ ಬಂದುಹೋಗುವವರು.

"ಮೇಡಂ, ಸಿರುಗುಪ್ಪದಾಗ ಮಧ್ಯಾಹ್ನದಿಂದ ಸಿಗ್ನಲ್ಲ ಇಲ್ರಿ. ರಸ್ತಿ ಅಗಿಯೋರು ಕೇಬಲ್ ಕಡಿದಾರಂತ. ನಾ ಈಗ ಕುರುಗೋಡಿಗೆ ಬಂದು ಮಾಡಾಕತ್ತೀನಿ. ನಿಮ್ಮಕ್ಕ ನಿಮಗ ಹೇಳು ಅಂತ ನಂಬರ್ ಬರೆದು ಕೊಟ್ಟು ಕಳಿಸ್ಯಾರ್ರಿ."

"ಏನಾತ್ರಿ?"

"ನಿಮ್ಮ ಭಾವ ಗಿರಣ್ಯಾಗ ಬಿದ್ರಂತ್ರಿ. ಎದಿಬ್ಯಾನಿ. ಆಸ್ಪತ್ರಿಗೆ ಒಯ್ದ್ರು... ಉಳೀಲಿಲ್ರಿ. ನೀವು ಬರ್ರಿ."

ನಾನು "ಆತ್ರಿ" ಅಂದೆ. ತಟ್ಟೆಯಲ್ಲಿದ್ದ ಅನ್ನವನ್ನು ಪೂರ್ತಿ ಉಂಡೆ. ಯಾಕೆ ಉಂಡೆನೋ ಇಂದಿಗೂ ತಿಳಿಯದು. ತಟ್ಟೆ ತೊಳೆದಿಟ್ಟು, ಸೀರೆ ಬದಲಿಸಿ, ಬಸ್ ಸ್ಟ್ಯಾಂಡಿಗೆ ಆಟೋ ಹಿಡಿದೆ.

ಬಸ್ಸಿನಲ್ಲಿ ಕೂತಾಗ ಅಳು ಬರಬಹುದು ಎಂದು ಸೆರಗಿನ ತುದಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ. ಬರಲಿಲ್ಲ. ಮುಂದಿನ ಸೀಟಿನ ಹೆಂಗಸಿನ ಜಡೆಯಲ್ಲಿದ್ದ ಕನಕಾಂಬರ ನೋಡುತ್ತಿದ್ದೆ. ಮೊಬೈಲಿಗೆ ತಂಡದ ಮುಖ್ಯಸ್ಥರ ಸಂದೇಶ ಬಂತು: ಇವತ್ತು ಒಂದು ಆಸ್ಪತ್ರೆಯಿಂದಲೂ ದೂರು ಬಂದಿಲ್ಲ, ಒಳ್ಳೆಯ ಕೆಲಸ. ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸಿದೆ. ಸಿರುಗುಪ್ಪ ಹತ್ತಿರವಾದಂತೆ ಸಿಗ್ನಲ್ ಗೆರೆಗಳು ಒಂದೊಂದೇ ಇಳಿದು, ಇಲ್ಲವಾದವು.

ಭಾವನನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ಅಕ್ಕ ನನ್ನನ್ನು ನೋಡಿ, "ಬಂದ್ಯಾ? ಉಂಡಿ?" ಎಂದು ಕೇಳಿದಳು. ಉಂಡೆ ಎಂದೆ. ಪಕ್ಕದಲ್ಲಿ ಕೂತೆ. ಭಾವನ ಉಗುರುಗಳ ಸಂದಿಯಲ್ಲಿ ಗ್ರೀಸ್ ಇನ್ನೂ ಕಪ್ಪಗೆ ಉಳಿದಿತ್ತು. ಬಂದವರೆಲ್ಲ ಅಳುತ್ತಿದ್ದರು. ನಾನು ಚಹಾ ಮಾಡಿದೆ, ಲೋಟ ತೊಳೆದೆ, ಮತ್ತೆ ಮಾಡಿದೆ. ಮರುದಿನ ಬೆಳಿಗ್ಗೆ ಮಣ್ಣು ಮಾಡಿ ಬಂದಮೇಲೂ ಹಾಗೆಯೇ ಇದ್ದೆ. ಒಂದು ವಾರ ರಜೆ ಹಾಕಿ ಅಕ್ಕನ ಜೊತೆಗಿದ್ದು, ಎಂಟನೇ ದಿನ ಬಳ್ಳಾರಿಗೆ ಮರಳಿ ಕಂಪ್ಯೂಟರಿನ ಮುಂದೆ ಕೂತೆ. ಕೆಲಸ ಚೆನ್ನಾಗಿಯೇ ಮಾಡಿದೆ. ಆದರೆ ಪಟ್ಟಿಯಲ್ಲಿದ್ದ ಆ ಎರಡು ಎತ್ತದ ಕರೆಗಳನ್ನು ಅಳಿಸಲೂ ಇಲ್ಲ, ಅವುಗಳ ಬಗ್ಗೆ ಯಾರ ಹತ್ತಿರ ಆಡಲೂ ಇಲ್ಲ.

ಮೂರು ತಿಂಗಳಾದಮೇಲೆ ಆ ಟೀಚರ್ ಕುರುಗೋಡಿನಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡರು. ಅಕ್ಕನಿಗೆ ಹೋಗಲು ಮನಸ್ಸಿರಲಿಲ್ಲ. ಅವರು ಮಾಡಿದ ಉಪಕಾರಕ್ಕಾದರೂ ಹೋಗಬೇಕು ಎಂದು ಹೊರಟಳು. ನಾನೂ ಬಳ್ಳಾರಿಯಿಂದ ಹೋದೆ. ಊಟವಾದಮೇಲೆ ಬಸ್ಸಿಗೆ ಕಾಯುತ್ತ ಇಬ್ಬರೂ ಬೇವಿನ ಮರದ ಕಟ್ಟೆಯ ಮೇಲೆ ಕೂತಿದ್ದೆವು. ಎದುರಿನ ಬಂಡೆಗುಡ್ಡ ಬಿಸಿಲಿಗೆ ಕಾದಿತ್ತು.

"ಅಕ್ಕ, ಅವತ್ತು ನೀ ಎರಡು ಸಲ ಫೋನ್ ಮಾಡಿದ್ದಿ. ನಾ ನೋಡಿದೆ. ನೋಡಿನೂ ಎತ್ತಲಿಲ್ಲ."

ಅಕ್ಕ ಎಲೆ ಅಡಿಕೆ ಮಡಿಸುತ್ತಿದ್ದವಳು ನನ್ನತ್ತ ತಿರುಗಿದಳು.

"ಮೊದಲ್ನೇದು ಸಾಲ್ಯಾಗಿಂದ ಮಾಡಿದ್ದಲೇ. ಮಕ್ಕಳ ಹಾಜರಿ ಹಾಕೋ ಆ್ಯಪ್ ತೆರೀವಲ್ದಾಗಿತ್ತು. ಹೆಂಗ ತೆರೀಬೇಕು ಅಂತ ನಿನ್ನ ಕೇಳಾಕ."

"ಎರಡನೇದು?"

"ಆಸ್ಪತ್ರಿಂದ. ಅಷ್ಟೊತ್ತಿಗೆ ಡಾಕ್ಟ್ರು ಹೇಳಿಬಿಟ್ಟಿದ್ರು. ನೀ ಎತ್ತಿದ್ರೂ ಅಳಾಕ ಒಬ್ಬಾಕಿ ಹೆಚ್ಚಾಗ್ತಿದ್ದಿ, ಅಷ್ಟ." ಮಡಿಸಿದ ಎಲೆ ನನ್ನ ಕೈಗಿಟ್ಟು ಕೇಳಿದಳು: "ಇದನ್ನ ಮೂರು ತಿಂಗಳು ಹೊಟ್ಟ್ಯಾಗ ಇಟ್ಕಂಡಿದ್ದೇನು?"

ಹೌದೆಂದು ತಲೆಯಾಡಿಸಿದೆ. ಈಗ ಎದೆ ಹಗುರಾಗುತ್ತದೆ ಎಂದು ಕಾದೆ. ಆಗಲಿಲ್ಲ. ನನ್ನ ತಪ್ಪಿರಲಿಲ್ಲ ಎನ್ನುವುದು ಬುದ್ಧಿಗೆ ತಿಳಿಯಿತು, ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ಅಳುವುದಕ್ಕೆ ಒಬ್ಬಳು ಹೆಚ್ಚಾಗುತ್ತಿದ್ದೆ ಎಂದಳಲ್ಲ, ಅದೂ ನಿಜವಲ್ಲವೆಂದು ಅವಳಿಗೆ ಹೇಳಲಾಗಲಿಲ್ಲ. ನಾನು ಇನ್ನೂ ಅತ್ತಿರಲಿಲ್ಲ.

ಬಸ್ ಬಂತು. ಬಳ್ಳಾರಿಯದು. ಸಿರುಗುಪ್ಪದ್ದು ಬರುವುದಕ್ಕೆ ಇನ್ನೂ ಹೊತ್ತಿತ್ತು. ಅಕ್ಕ ಎದ್ದು ನನ್ನ ಚೀಲ ಕೈಗೆ ಕೊಟ್ಟು, "ನಡಿ, ನಾಳೆ ನಿಂಗ ಕೆಲಸ ಐತಿ" ಅಂದಳು. ಹತ್ತಿದೆ. ನಿಂತುಕೊಂಡೇ ಹೋಗುವಷ್ಟು ಜನರಿದ್ದರು.