ಕಸ್ತೂರಿಯ ಮನೆಗೆ ಎರಡು ಬುತ್ತಿ

"ಆಯಿ, ನಾ ಸತ್ತೀನೇನು?"

ಈ ಪ್ರಶ್ನೆಯನ್ನು ನನಗೆ ಕೇಳಿದವಳು ನಮ್ಮ ಓಣಿಯ ಕಸ್ತೂರಿ. ತನ್ನ ಮನೆಯ ಹೊಸ್ತಿಲಲ್ಲಿ ನಿಂತು ಕೇಳಿದಳು. ನನ್ನ ತಲೆಯ ಮೇಲೆ ರೊಟ್ಟಿಯ ಬುತ್ತಿ ಇತ್ತು. ನನ್ನ ಹಿಂದೆ ಓಣಿಯ ಆರೇಳು ಹೆಂಗಸರು ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಒಬ್ಬಳಂತೂ ಅಳುವುದನ್ನೂ ಶುರು ಮಾಡಿಬಿಟ್ಟಿದ್ದಳು.

ಏನು ಹೇಳಲಿ? ಎಪ್ಪತ್ತು ದಾಟಿದ ಮೇಲೆ ಯಾರು ಏನು ಕೇಳಿದರೂ ನನ್ನ ಬಾಯಿ ತಡವರಿಸುವುದಿಲ್ಲ. ಅವತ್ತು ತಡವರಿಸಿತು.

ಮೊದಲಿನಿಂದ ಹೇಳುತ್ತೇನೆ. (ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟವಳು ನಾನು. ಒತ್ತಕ್ಷರ ತಪ್ಪಿದರೆ ಪತ್ರಿಕೆಯವರು ತಿದ್ದುತ್ತಾರೆ. ಮಾತು ತಪ್ಪಿದರೆ ನೀವು ತಿದ್ದಿ.)

ಕಸ್ತೂರಿಗೆ ನಲವತ್ತಾರು ವರ್ಷ. ಗಂಡ ಸಿದರಾಯ. ಒಬ್ಬಳೇ ಮಗಳು ರೇಣುಕಾ, ಅವಳನ್ನು ಸೊರಡಿಗೆ ಕೊಟ್ಟಿದ್ದಾರೆ. ಮನೆಯಲ್ಲಿ ಗಂಡ, ಹೆಂಡತಿ, ಒಂದು ಎಮ್ಮೆ. ದೀಪಾವಳಿ ಮುಗಿದ ಮೇಲೆ ಕಸ್ತೂರಿಯ ಎದೆಯಲ್ಲಿ ಒಂದು ಗಡ್ಡೆ ಕೈಗೆ ಹತ್ತಿತು. ಎರಡು ತಿಂಗಳು ಅವಳು ಯಾರಿಗೂ ಹೇಳಲಿಲ್ಲ. ನಾವು ಹೆಂಗಸರು ಹಾಗೇ. ಎಮ್ಮೆಯ ಕೆಚ್ಚಲು ಬಾತರೆ ಅದೇ ದಿನ ದನದ ಡಾಕ್ಟರನ್ನು ಕರೆಸುತ್ತೇವೆ. ನಮ್ಮ ಎದೆ ಬಾತರೆ ಸೆರಗು ಎಳೆದುಕೊಳ್ಳುತ್ತೇವೆ.

ಕಡೆಗೆ ಮಿರಜಿನ ದವಾಖಾನೆಗೆ ಹೋದರು. ರಿಪೋರ್ಟ್ ಬಂತು. ಕ್ಯಾನ್ಸರ್. ನಮ್ಮ ಊರಲ್ಲಿ ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, 'ದೊಡ್ಡ ಬ್ಯಾನಿ' ಅನ್ನುತ್ತಾರೆ. ನಾನು ಹೇಳುತ್ತೇನೆ. ಹೆಸರು ಹೇಳಿದರೆ ಅಂಟುವ ರೋಗವೇ ಅದು?

ಮೂರು ವಾರಕ್ಕೊಮ್ಮೆ ಕಿಮೋ, ಗಡ್ಡೆ ಸಣ್ಣದಾದ ಮೇಲೆ ಆಪರೇಷನ್ ಅಂದರು ಡಾಕ್ಟರು. ಮೊದಲನೆಯ ಕಿಮೋ ಆಯಿತು. ಆಮೇಲೆ ಶುರುವಾಯಿತು ನೋಡಿ, ನಮ್ಮ ಮಂದಿಯ ಮೆರವಣಿಗೆ.

ನಿಮ್ಮ ಊರಲ್ಲೂ ಇರಬೇಕು ಇದು. ಯಾರಿಗಾದರೂ ಕಾಯಿಲೆ ಅಂದರೆ 'ಮಾತಾಡಿಸಿ ಬರುವುದು'. ಹೋಗದಿದ್ದರೆ ಮುನಿಸು. ಕೈಯಲ್ಲಿ ಒಂದು ಬಿಸ್ಕೀಟ್ ಪುಡಾ ಹಿಡಿದು ಹೋಗುವುದು, ಗುಡ್ಡಾಪುರದ ದಾನಮ್ಮನ ಗುಡಿಯ ವಿಭೂತಿ ಹಣೆಗೆ ಹಚ್ಚುವುದು, ಕೂರುವುದು. ಸುಮ್ಮನೆ ಕೂರುತ್ತೇವೆಯೇ? ಇದೇ ರೋಗದಿಂದ ಯಾರು ಸತ್ತರು, ಹೇಗೆ ಸತ್ತರು, ಕೊನೆಗೆ ಏನು ಕೇಳಿ ಸತ್ತರು, ಎಲ್ಲ ಹೇಳುತ್ತೇವೆ. ಅದು ಸಮಾಧಾನ.

ಮತ್ತೆ, ಬಂದವರಿಗೆ ಚಹಾ ಆಗಬೇಕಲ್ಲ? ಮಾಡುವವರು ಯಾರು? ಕಸ್ತೂರಿಯೇ. ಕಿಮೋ ಆದ ಮೇಲೆ ಅವಳಿಗೆ ಹಾಲು ಕುದಿಯುವ ವಾಸನೆ ಬಂದರೆ ಹೊಟ್ಟೆ ತೊಳಸುತ್ತಿತ್ತು. ಮೂಗಿಗೆ ಸೆರಗು ಕಟ್ಟಿಕೊಂಡು ಚಹಾ ಕುದಿಸುತ್ತಿದ್ದಳು.

ಬೇರೆಯವರನ್ನು ಯಾಕೆ ಅನ್ನಲಿ? ಹದಿನೈದನೆಯ ದಿನ ನಾನೂ ಹೋಗಿದ್ದೆ. ಕುಳಿತೆ. "ನಮ್ಮ ತಂಗಿಗೂ ಹಿಂಗ ಆಗಿತ್ತು, ಕಸ್ತೂರಿ. ಆರು ತಿಂಗಳ ಇದ್ಲು" ಅಂದೆ. ಅದೂ ಯಾವ ಬಾಯಿಂದ? ಅವಳು ಕೊಟ್ಟ ಚಹಾ ಕುಡಿಯುತ್ತಿದ್ದ ಬಾಯಿಂದ.

ಕಸ್ತೂರಿ ನನ್ನ ಕಪ್ಪು ನೋಡಿದಳು. "ಇನ್ನೊಂದೀಟ ಸಕ್ರಿ ಹಾಕ್ಲೇನು ಆಯಿ?" ಅಂದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಚಲೋ ನಿದ್ದೆ ಬಂತು. ಮಾತು ಚುಚ್ಚಿದ್ದು ಮರುದಿನ ಬೆಳಿಗ್ಗೆ, ಸಿದರಾಯನನ್ನು ನೋಡಿದಾಗ.

ಅವರ ಎಮ್ಮೆ ಕಸ್ತೂರಿಯ ಕೈಗಷ್ಟೇ ಹಾಲು ಬಿಡುತ್ತದೆ. ಬೇರೆ ಯಾರು ಕೂತರೂ ಒದೆಯುತ್ತದೆ. ಅದಕ್ಕೆ ಸಿದರಾಯ ಏನು ಮಾಡಿದ್ದ ಗೊತ್ತೇ? ಹೆಂಡತಿಯ ಸೀರೆಯನ್ನು ತಲೆಯ ಮೇಲಿಂದ ಹೊದ್ದು, ಸೆರಗು ಎಳೆದುಕೊಂಡು, ಎಮ್ಮೆಯ ಬುಡಕ್ಕೆ ಕೂತಿದ್ದ. ದಪ್ಪ ಮೀಸೆಯ ಗಂಡಸು. ಎಮ್ಮೆ ಸೀರೆಯನ್ನು ಮೂಸಿ ಸುಮ್ಮನೆ ನಿಂತಿತ್ತು.

ನನಗೆ ನಗು ಬಂತು. ನಗು ನಿಂತ ಮೇಲೆ ಅವನ ಬೆನ್ನು ಕಂಡಿತು. ಅಂಗಿಯೊಳಗೆ ಎಲುಬು ಎಣಿಸಬಹುದಿತ್ತು. ಈ ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರು? ಆ ಮಾತು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಗುರುವಾರ ಬೆಳಿಗ್ಗೆ ಎದ್ದು ಹದಿನೈದು ಜೋಳದ ರೊಟ್ಟಿ ಬಡಿದೆ. ಕಡಲೆಹಿಟ್ಟಿನ ಝುಣಕ ಮಾಡಿದೆ. ನಮ್ಮ ಯಜಮಾನರ ಹಳೆಯ ಬಿಳಿ ಧೋತರದ ತುಂಡು ತೊಳೆದಿಟ್ಟಿದ್ದೆ, ಅದರಲ್ಲಿ ಕಟ್ಟಿ ತಲೆಯ ಮೇಲೆ ಹೊತ್ತು ಹೊರಟೆ.

ಬುದ್ಧಿ ಎಲ್ಲಿತ್ತು ನನಗೆ?

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಓಣಿಯವರೇ ರೊಟ್ಟಿ, ಝುಣಕ ಮಾಡಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ಒಯ್ಯುತ್ತಾರೆ. ಸಾವಿನ ಬುತ್ತಿ ಅದು. ಇಷ್ಟು ವರ್ಷದಲ್ಲಿ ಎಷ್ಟೋ ಮನೆಗೆ ಹೊತ್ತವಳು ನಾನು. ಅವತ್ತು ನೆನಪಾಗಲಿಲ್ಲ. ಓಣಿಗೆ ನೆನಪಾಯಿತು.

ಮೊದಲು ನೋಡಿದವಳು ಬಳೆ ಮಾರುವ ಹಸೀನಾ. ಬಿಳಿ ಬಟ್ಟೆ, ನನ್ನ ತಲೆ, ಕಸ್ತೂರಿಯ ಮನೆಯ ದಾರಿ. ಅಷ್ಟು ಸಾಕಾಯಿತು. "ಹಾಯ್ ಅಲ್ಲಾ, ಹ್ವಾದ್ಲೇನ ನಮ್ಮ ಕಸ್ತೂರಿ" ಅಂದವಳೇ ರೇಣುಕಾಗೆ ಫೋನ್ ಹಚ್ಚಿದಳು. "ಲಗೂನ ಬಾ ಯವ್ವಾ, ನಿಮ್ಮವ್ವ..." ಅಂದು ಅತ್ತಳು, ಫೋನ್ ಇಟ್ಟಳು. ಅಕ್ಕಪಕ್ಕದ ಬಾಗಿಲುಗಳು ತೆರೆದವು. ಇದೆಲ್ಲ ನನಗೆ ತಿಳಿದದ್ದು ಆಮೇಲೆ; ಕಿವಿ ಮಂದ, ಹಿಂದೆ ತಿರುಗಿ ನೋಡಲೇ ಇಲ್ಲ. ಬಾಗಿಲು ತಟ್ಟಿದೆ. ಕಸ್ತೂರಿ ತೆರೆದಳು. ಬುತ್ತಿ ನೋಡಿದಳು, ನನ್ನ ಹಿಂದಿನ ಸೆರಗುಗಳನ್ನು ನೋಡಿದಳು.

"ಆಯಿ, ನಾ ಸತ್ತೀನೇನು?"

ಹಸೀನಾ ಅಳುವುದನ್ನು ನಿಲ್ಲಿಸಿ ಬಿಕ್ಕಳಿಸತೊಡಗಿದಳು. ಸಿದರಾಯ ಬಂದು ನನ್ನ ತಲೆಯಿಂದ ಬುತ್ತಿ ಇಳಿಸಿಕೊಂಡ. ಎಲ್ಲರೂ ಕಾಲು ಎಳೆಯುತ್ತ ಮನೆಗೆ ಬಂದೆವು.

ಒಂದು ತಾಸಿನ ಮೇಲೆ ಸೊರಡಿಯಿಂದ ರೇಣುಕಾ ಜೀಪಿನಲ್ಲಿ ಬಂದಿಳಿದಳಂತೆ. ಅಂಗಳದಿಂದಲೇ "ಯವ್ವಾ" ಅಂತ ಎದೆ ಬಡಿದುಕೊಂಡು ಒಳಗೆ ಬಿದ್ದಳಂತೆ. ಅವಳ ಅವ್ವ ಅವಳನ್ನು ಎಬ್ಬಿಸಿ ಕೂರಿಸಿ ಹೇಳಿದಳಂತೆ, "ಏಳ, ಚಾ ಕುಡಿ. ಬಂದವರೆಲ್ಲಾ ಅತ್ತು ಕುಡದ ಹೋಗ್ಯಾರ, ನಿನ್ನ ಪಾಲಿಂದೂ ಆಗಲಿ."

ಓಣಿಯಲ್ಲಿ ಈ ಮಾತಿಗೆ ಎಲ್ಲರೂ ನಕ್ಕರು. ಸಂಜೆ ಸಿದರಾಯ ನಮ್ಮ ಮನೆಗೆ ಬಂದ ಮೇಲೆ ನಗು ಹೋಯಿತು. ಧೋತರದ ತುಂಡನ್ನು ತೊಳೆದು ಮಡಿಸಿ ತಂದಿದ್ದ.

"ಸೋಮವಾರ ಮಿರಜಿಗಿ ಬರಂಗಿಲ್ಲ ಅಂತಾಳ ಆಯಿ. ಎರಡನೇ ಕಿಮೋ ಅದ ಅವತ್ತ."

"ಯಾಕಂತ?"

"ಬುತ್ತಿ ಬಂದ ಮ್ಯಾಲ ಔಷಧ ಯಾಕ ಅಂತಾಳ. ಡಾಕ್ಟರಗ ತಿಳೀದಿದ್ದು ಓಣಿಗಿ ತಿಳದದ ಅಂತಾಳ. ಗ್ವಾಡಿ ಕಡೆ ಮುಖಾ ಮಾಡಿ ಮಲಗ್ಯಾಳ, ಎದ್ದಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ. ನಾನೇ ಕೇಳಿದೆ.

"ಆ ರೊಟ್ಟಿ ಏನ ಮಾಡಿದ್ಯೋ? ಎಮ್ಮಿಗಿ ಹಾಕಿದ್ಯೇನು?"

ಸಿದರಾಯ ನೆಲ ನೋಡಿದ. "ತಿಂದ್ನಿ ಆಯಿ. ಹಿತ್ತಲದಾಗ ನಿಂತು ತಿಂದ್ನಿ. ಎಂಟ ತಿಂದ್ನಿ."

"ಊಟಾ ಮಾಡಿ ಎಷ್ಟ ದಿನಾ ಆಗಿತ್ತು?"

"ಬಿಸ್ಕೀಟ್ ಭಾಳ ಅದಾವಲಾ ಮನ್ಯಾಗ" ಅಂದ.

ಹದಿನಾರು ದಿನ ಊರಿಗೆ ಊರೇ ಆ ಮನೆಗೆ ಹೋಗಿ ಬಂದಿದೆ. ಆ ಗಂಡಸು ಬಿಸ್ಕೀಟ್ ತಿಂದು ದಿನ ಕಳೆದಿದ್ದಾನೆ. ಬುತ್ತಿ ಒಯ್ದದ್ದು ಸರಿಯಾಗೇ ಇತ್ತು. ಬಟ್ಟೆ ತಪ್ಪಿತ್ತು.

ಆಗಲೇ ನನಗೆ ಇನ್ನೊಂದು ಬುತ್ತಿ ನೆನಪಾಯಿತು. ಬಸುರಿಗೆ ಒಯ್ಯುತ್ತೇವಲ್ಲ, ಬಯಕೆ ಬುತ್ತಿ? ಬುಟ್ಟಿಯ ತುಂಬ ಅವಳು ಬೇಡಿದ ತಿನಿಸು, ಮೇಲೆ ಕುಪ್ಪಸದ ಹಸಿರು ಖಣ. ಅವಳಿಗೂ ವಾಂತಿ, ಅವಳಿಗೂ ಒಗ್ಗರಣೆಯ ವಾಸನೆ ಆಗುವುದಿಲ್ಲ, ಅವಳಿಗೂ ಬಾಯಿ ಕಹಿ. ಆ ಹೆಂಗಸನ್ನು ಮಾತ್ರ ನಾವು 'ಏನ ಬೇಕವ್ವಾ, ಏನ ತಿಂತಿ' ಅಂತ ದಿನಾ ಕೇಳುತ್ತೇವೆ. ಕಸ್ತೂರಿಯನ್ನು ಯಾರಾದರೂ ಕೇಳಿದ್ದರೇ?

"ಸಿದರಾಯಾ, ರೇಣುಕಾ ಹೊಟ್ಟ್ಯಾಗ ಇದ್ದಾಗ ನಿನ್ನ ಹೆಂಡತಿ ಏನ ಬೇಡತಿದ್ಲು? ನೆನಪ ಅದ ಏನು?"

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಅವನು ಯೋಚನೆಯನ್ನೂ ಮಾಡಲಿಲ್ಲ.

"ನುಚ್ಚು. ಮ್ಯಾಲ ಮಜ್ಜಿಗಿ. ಬಾಜೂಕ ಹುಣಸಿ ತೊಕ್ಕು. ಮೂರ ತಿಂಗಳ ಅದ ತಿಂದ್ಲು."

ಶನಿವಾರ ಜೋಳದ ನುಚ್ಚು ಮೆತ್ತಗೆ ಕುದಿಸಿದೆ. ಹೊಸದಾಗಿ ಮಜ್ಜಿಗೆ ಕಡೆದೆ. (ತಂಗಳು ಕೊಡಬೇಡಿ ಅಂದಿದ್ದರಂತೆ ಡಾಕ್ಟರು. ರೇಣುಕಾಳನ್ನು ಕೇಳಿಯೇ ಮಾಡಿದೆ. ಎರಡನೆಯ ಸಲ ತಪ್ಪು ಮಾಡುವ ವಯಸ್ಸಲ್ಲ.) ಬುಟ್ಟಿಯಲ್ಲಿಟ್ಟು ಹಸಿರು ಖಣ ಮುಚ್ಚಿದೆ. ಹಸೀನಾಳನ್ನೂ ಕರೆದೆ. "ನಾ ಬರಂಗಿಲ್ಲ ಆಯಿ, ಯಾವ ಮುಖಾ ತಗೊಂಡ ಬರಲಿ" ಅಂದಳು. "ಇದ್ದದ್ದ ತಗೊಂಡ ಬಾ" ಅಂದೆ. ಹಸಿರು ಬಳೆಯ ಗೊಂಚಲು ಹಿಡಿದು ಬಂದಳು.

ಕಸ್ತೂರಿ ಗೋಡೆಯ ಕಡೆ ಮುಖ ಮಾಡಿಯೇ ಮಲಗಿದ್ದಳು. "ಮತ್ತ ಬಂದ್ಯಾ?" ಅಂದಳು, ತಿರುಗದೆ.

"ಬಂದ್ನಿ. ಈ ಸಲ ಬುಟ್ಟಿ ನೋಡಿ ಬೈ."

ತಿರುಗಿದಳು. ಹಸಿರು ಖಣ ನೋಡಿ ಎದ್ದು ಕೂತಳು. "ಇದೇನ ಇದು?"

"ಬಯಕಿ ಬುತ್ತಿ."

"ನಲವತ್ತಾರ ವರ್ಷದಾಕಿಗಿ ಬಯಕಿ ಬುತ್ತಿ ತಂದಾರ ಅಂದ್ರ ಮಂದಿ ಏನಂದಾರು, ಆಯಿ?"

"ಗುರುವಾರ ಸತ್ಲು ಅಂದ್ರು. ಶನಿವಾರ ಬಸರಾದ್ಲು ಅನ್ಲಿ. ಎರಡೂ ಸುಳ್ಳ. ನಿನಗ ವಾಂತಿ ಬರತದೋ ಇಲ್ಲೋ?"

"ಬರತದ."

"ಒಗ್ಗರಣಿ ವಾಸನಿ?"

"ಆಗಂಗಿಲ್ಲ."

"ಮತ್ತ? ತಗೋ, ತಿನ್ನು."

ಕಸ್ತೂರಿ ನಕ್ಕಳು. ನಗುತ್ತ ನಗುತ್ತ ಅತ್ತಳು. ರಿಪೋರ್ಟ್ ಬಂದ ಮೇಲೆ ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲವಂತೆ, ಬಂದವರೆಲ್ಲ ಅಳುವಾಗ ಸಮಾಧಾನ ಮಾಡಲು ಅವಳೊಬ್ಬಳೇ ಇದ್ದಳಲ್ಲ. ಅಳುವವರನ್ನು ಸಂತೈಸಲು ನನಗೆ ಬರುವುದಿಲ್ಲ. ಸುಮ್ಮನೆ ನುಚ್ಚಿಗೆ ಮಜ್ಜಿಗೆ ಕಲಸಿದೆ.

"ಎಡಗೈಗಿ ಸೂಜಿ ಚುಚ್ಯಾರೇನ?" ಅಂದಳು ಹಸೀನಾ. "ಬಲಗೈ ಕೊಡು." ಬಾತ ಎಡಗೈ ಮುಟ್ಟದೆ ಬಲಗೈಗೆ ನಾಲ್ಕು ದೊಡ್ಡ ಬಳೆ ಏರಿಸಿದಳು. ಕಸ್ತೂರಿ ಆರು ತುತ್ತು ತಿಂದಳು. ನುಚ್ಚು ತೋರಿಸಿ "ಇದ ಯಾರ ಹೇಳಿದ್ರು ನಿನಗ?" ಅಂದಳು. ನಾನು ಬಾಗಿಲ ಕಡೆ ತೋರಿಸಿದೆ. ಸಿದರಾಯ ಅಲ್ಲಿ ನಿಂತಿದ್ದ. ಕಸ್ತೂರಿ ಅವನ ಕಡೆ ತಿರುಗಿದಳು. "ನೀವ ಉಂಡೀರೇನು?" ಅಂದಳು.

ಮಿರಜಿನ ಮಾತು ನಾನು ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಬುಟ್ಟಿ ಖಾಲಿ ಮಾಡಿಕೊಂಡು ಬಂದೆ.

ಭಾನುವಾರ ಸಂಜೆ ಕಸ್ತೂರಿಯೇ ನಮ್ಮ ಬಾಗಿಲಿಗೆ ಬಂದಳು. ತಲೆಗೆ ಸೆರಗು ಬಿಗಿದಿದ್ದಳು, ಕೂದಲು ಉದುರಲು ಶುರುವಾಗಿತ್ತು. ಒಳಗೆ ಬರಲಿಲ್ಲ.

"ನಾಳಿ ಎಮ್ಮಿ ಹಿಂಡವರು ಯಾರ ಆಯಿ? ಇವರು ನನ್ನ ಸಂಗಾಟ ಬರ್ತಾರ."

ನನಗೆ ಬೇಕಾದ ಉತ್ತರ ಆ ಪ್ರಶ್ನೆಯಲ್ಲೇ ಇತ್ತು. ನಾನು ಖುಷಿ ತೋರಿಸಲಿಲ್ಲ. "ನಾ ಹಿಂಡ್ತೀನಿ" ಅಂದೆ.

"ನಿನ್ನ ಒದೀತದ ಅದು."

"ನಿನ್ನ ಸೀರಿ ಕೊಡು."

ಕಂಕುಳಲ್ಲಿ ಮಡಿಸಿ ತಂದೇ ಇದ್ದಳು. ಒಗೆಯದ ಸೀರೆ. "ಒಗದದ್ದ ಕೊಟ್ರ ಅದಕ್ಕ ಗುರ್ತ ಹತ್ತಂಗಿಲ್ಲ" ಅಂದಳು. "ಮ್ಯಾಲ ಹೊತ್ಕೊ. ಮಾತಾಡಬ್ಯಾಡ. ನಿನ್ನ ಧ್ವನಿ ಕೇಳಿದ್ರ ಹಾಲು ಏರಿಸಿಕೊಳ್ತದ."

ಸೋಮವಾರ ಗಂಡ ಹೆಂಡತಿ ಮೊದಲನೆಯ ಎಸ್‌ಟಿ ಬಸ್ಸು ಹತ್ತಿದರು. ನಾನು ಕಸ್ತೂರಿಯ ಸೀರೆ ಹೊದ್ದು ಎಮ್ಮೆಯ ಬುಡಕ್ಕೆ ಕೂತೆ. ಮಾತಾಡಲಿಲ್ಲ. (ನನಗೆ ಅದೇ ಕಷ್ಟದ ಕೆಲಸ.) ಎಮ್ಮೆ ಮೂಸಿತು, ಯೋಚಿಸಿತು, ಹಾಲು ಬಿಟ್ಟಿತು.

ಈಗ ಮೂರನೆಯ ಕಿಮೋ ಮುಗಿದಿದೆ. ಕಸ್ತೂರಿ ಉಳಿಯುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ, ಗೊತ್ತಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಓಣಿಯಲ್ಲಿ ಮಾತ್ರ ಒಂದು ರೂಢಿ ಬಿದ್ದಿದೆ. ದಿನಕ್ಕೊಂದು ಮನೆಯ ರೊಟ್ಟಿ ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗುತ್ತದೆ, ತಟ್ಟೆಯಲ್ಲಿ, ಬಟ್ಟೆ ಇಲ್ಲದೆ. ಒಯ್ದವರು ಕೂರುವುದಿಲ್ಲ. ಚಹಾ ಕುಡಿಯುವುದಿಲ್ಲ. ಸತ್ತವರ ಹೆಸರು ತೆಗೆಯುವುದಿಲ್ಲ. ನಾನೂ ನನ್ನ ತಂಗಿಯ ಹೆಸರು ತೆಗೆದಿಲ್ಲ. ಮರೆತಿದ್ದೇನೆ ಅಂತಲ್ಲ.

ಔಷಧ ಕೊಡಲು ಮಿರಜಿನಲ್ಲಿ ಜನ ಇದ್ದಾರೆ. ನಿಮ್ಮ ಓಣಿಯಲ್ಲಿ ಎಮ್ಮೆ ಹಿಂಡಲು ಯಾರಿದ್ದಾರೆ?