ಆಟಕ್ಕೆ ಉಟ್ಟ ಬಿಳಿ

ಕತ್ತರಿಸಿದ ಒದ್ದೆ ಹುಲ್ಲಿನ ವಾಸನೆ ಬಂದರೆ ಬೇರೆಯವರಿಗೆ ಊರು ನೆನಪಾಗುತ್ತದೆ, ನನಗೆ ಮಸ್ಕತ್. ಸುತ್ತ ಬೋಳು ಕಲ್ಲುಬೆಟ್ಟ, ನಡುವೆ ಒಂದು ಕ್ಲಬ್ಬಿನ ಕಾಂಪೌಂಡಿನೊಳಗೆ ಕಂಬಳಿ ಹಾಸಿದಷ್ಟು ಸಮನಾದ ಹಸಿರು. ಅದಕ್ಕೆ ಸಂಜೆ ಬಿಡುತ್ತಿದ್ದದ್ದು ಶುದ್ಧೀಕರಿಸಿದ ಚರಂಡಿ ನೀರೆಂದು ದೊಡ್ಡವನಾದ ಮೇಲೆ ತಿಳಿಯಿತು. ಹಾಗಾದರೆ ಇಷ್ಟು ವರ್ಷ ನಾನು ಆಸೆಯಿಂದ ನೆನೆದದ್ದು ಹುಲ್ಲನ್ನೋ ಚರಂಡಿಯನ್ನೋ ಹೇಳಲಾರೆ. ಈಗ ಇಲ್ಲದ ಮನೆಯೊಂದನ್ನು ತಲೆಯೊಳಗೆ ಉಳಿಸಿಕೊಂಡಿರುವ ನಿಮಗೂ ಇಂಥ ಪೇಚು ಬಂದಿರಬಹುದು.

ಆ ಹುಲ್ಲಿನ ಮೇಲೆ ನನ್ನ ಸುಮತಿ ಚಿಕ್ಕಮ್ಮ ಲಾನ್ ಬೌಲ್ಸ್ ಆಡುತ್ತಿದ್ದರು. ದೂರದಲ್ಲಿ ಒಂದು ಸಣ್ಣ ಬಿಳಿ ಚೆಂಡು, ಅದರ ಹತ್ತಿರಕ್ಕೆ ದೊಡ್ಡ ಚೆಂಡನ್ನು ಉರುಳಿಸಿ ನಿಲ್ಲಿಸಬೇಕು, ಆಟವೆಂದರೆ ಅಷ್ಟೇ. ಆದರೆ ದೊಡ್ಡ ಚೆಂಡು ಪೂರ್ತಿ ಗುಂಡಗಿರುವುದಿಲ್ಲ. ವೇಗ ತಗ್ಗಿದಂತೆ ಒಂದು ಮಗ್ಗುಲಿಗೆ ವಾಲಿ ಬಾಗುತ್ತದೆ. ಬೇಸಿಗೆಯಲ್ಲಿ ಇದೇ ಆಟವನ್ನು ಎ.ಸಿ. ಹಾಲ್‌ನ ಹಸಿರು ಕಾರ್ಪೆಟ್ ಮೇಲೆ ಆಡುತ್ತಿದ್ದರು. ಚಿಕ್ಕಮ್ಮ ಒಂದು ಕನ್‌ಸ್ಟ್ರಕ್ಷನ್ ಕಂಪನಿಯಲ್ಲಿ ಸೆಕ್ರೆಟರಿ. ಅಲ್ಲಿಯ ಇಂಗ್ಲಿಷ್ ಮ್ಯಾನೇಜರನ ಹೆಂಡತಿ ಒಂದು ದಿನ ಆಟಕ್ಕೆ ಆಳು ಕಡಿಮೆಯಾಯಿತೆಂದು ಇವರನ್ನು ಕರೆದೊಯ್ದಳಂತೆ. ಮರುವರ್ಷ ಆಕೆಯನ್ನೇ ಸೋಲಿಸಿ ಚಿಕ್ಕಮ್ಮ ಕ್ಲಬ್ಬಿನ ಚಾಂಪಿಯನ್ ಆದರು, ಕಾರ್ಪೆಟ್ಟಿನಲ್ಲೂ ಹುಲ್ಲಿನಲ್ಲೂ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಮೊಣಕಾಲು ಬಗ್ಗಿಸಿ, ಚೆಂಡನ್ನು ನೆಲಕ್ಕೆ ನೋವಾಗದ ಹಾಗೆ ಇಳಿಸುತ್ತಿದ್ದರು. ಉಡುಪಿಯ ನೆಂಟರು ಇದನ್ನು ಕ್ರಿಕೆಟ್ಟಿನ ಬೌಲಿಂಗ್ ಎಂದೇ ತಿಳಿದಿದ್ದರು. ‘ಸ್ಪಿನ್ನಾ, ಫಾಸ್ಟಾ?’ ಎಂದು ಫೋನಿನಲ್ಲಿ ಕೇಳಿದರೆ, ‘ಸ್ಲೋ’ ಎನ್ನುತ್ತಿದ್ದರು ಚಿಕ್ಕಮ್ಮ.

ಮಸ್ಕತ್ತಿನ ರೂವಿಯ ಒಂದು ಫ್ಲಾಟಿನಲ್ಲಿ ಅಪ್ಪ, ಅಮ್ಮ, ನಾನು, ಚಿಕ್ಕಮ್ಮ ಇದ್ದೆವು. ಚಿಕ್ಕಮ್ಮನ ಗಂಡ, ಅಪ್ಪನ ತಮ್ಮ ದಿವಾಕರ ಚಿಕ್ಕಪ್ಪ, ದೂರದ ಸೂರ್ ಪಟ್ಟಣದಲ್ಲಿ ಸ್ಟೋರ್‌ಕೀಪರ್. ಶುಕ್ರವಾರದ ವಾರದ ರಜೆಗೆ ಗುರುವಾರ ಮಧ್ಯಾಹ್ನವೇ ಬೆಟ್ಟ ಮರಳುಗಾಡು ದಾಟಿ ಪಿಕಪ್ಪಿನಲ್ಲಿ ಬರುತ್ತಿದ್ದರು. ಎಂಬತ್ತರ ದಶಕದ ಕೊನೆಯ ಒಂದು ಚಳಿಗಾಲ ಅಜ್ಜಿಯೂ ವಿಸಿಟ್ ವೀಸಾದಲ್ಲಿ ಬಂದರು. ಆ ಚಳಿಗಾಲವೇ ಕೊಲ್ಲಿಯ ಕ್ಲಬ್ಬುಗಳೆಲ್ಲ ಸೇರುವ ಪಂದ್ಯ ಮಸ್ಕತ್ತಿನಲ್ಲಿ ನಡೆದು, ಚಿಕ್ಕಮ್ಮ ಫೈನಲಿಗೆ ಬಂದರು. ಕ್ಲಬ್ಬಿನ ಆಟಗಳಿಗೆ ಯಾವ ಬಣ್ಣವಾದರೂ ನಡೆಯುತ್ತಿತ್ತು, ಈ ಫೈನಲಿಗೆ ಮಾತ್ರ ಅಡಿಯಿಂದ ಮುಡಿಯವರೆಗೆ ಬಿಳಿಯೇ ಆಗಬೇಕೆಂಬ ನಿಯಮ. ಚಿಕ್ಕಮ್ಮ ಅಂಚೂ ಇಲ್ಲದ ಬಿಳಿ ಸೀರೆ ತಂದು, ಗಂಜಿ ತೆಗೆಯಲು ಒಗೆದು, ಬಾಲ್ಕನಿಯಲ್ಲಿ ಹರವಿದರು.

ಅಜ್ಜಿ ಅದನ್ನು ಮುಟ್ಟಲಿಲ್ಲ. ದೂರ ನಿಂತೇ ಕೇಳಿದರು. ‘ಇದು ಯಾರಿಗೆ ತಂದದ್ದು? ನನ್ನ ಹತ್ತಿರ ಬೇಕಾದಷ್ಟು ಉಂಟು.’

‘ನನಗೆ ಅತ್ತೆ. ಆಟಕ್ಕೆ.’

‘ಗಂಡ ಆ ರಸ್ತೆಯಲ್ಲಿ ಗಾಡಿ ಓಡಿಸ್ತಾ ಇರ್ತಾನೆ. ನೀನು ಮನೆಯಲ್ಲಿ ಬಿಳಿ ಸೀರೆ ಒಣಗ್ಲಿಕ್ಕೆ ಹಾಕುದಾ?’

‘ಈ ಊರಿನ ಗಂಡಸರೆಲ್ಲ ದಿನಾ ಬಿಳಿಯೇ ಹಾಕುದಲ್ವಾ ಅತ್ತೆ. ಅವರ ಹೆಂಡ್ತಿಯರಿಗೆ ಎಂಥ ಆಗಿದೆ?’

‘ಹೆಂಡ್ತಿ ಸತ್ತರೆ ಗಂಡಸು ಬಟ್ಟೆಯ ಬಣ್ಣ ಬದಲಿಸ್ತಾನಾ? ನನಗೆ ಹೇಳ್ಲಿಕ್ಕೆ ಬರ್ಬೇಡ.’

ಅಜ್ಜಿ ಬಿಳಿ ಉಡಲು ಶುರು ಮಾಡಿದ್ದು ಮೂವತ್ತೂ ತುಂಬದಿದ್ದಾಗ. ಇದು ನನಗೆ ಆಗ ತಿಳಿದಿತ್ತೋ, ಆಮೇಲೆ ತಿಳಿದು ಆ ಬಾಲ್ಕನಿಗೆ ತಂದು ಸೇರಿಸಿಕೊಂಡೆನೋ. ಆ ರಾತ್ರಿ ಅವರು ಊಟ ಬಿಟ್ಟರು. ಚಿಕ್ಕಮ್ಮ ಸೀರೆ ಮಡಚಿ ಕಪಾಟಿನಲ್ಲಿಟ್ಟು, ‘ಇವರು ಬಂದು ಬೇಡ ಅಂದ್ರೆ ಖಲಾಸ್. ಫೋನ್ ಮಾಡಿ ಬರುದಿಲ್ಲ ಅಂತೇನೆ’ ಎಂದು ಅಮ್ಮನಿಗೆ ಹೇಳಿದರು. ಹೇಳುವಾಗ ಬೆರಳುಗಳು, ಕೈಯಲ್ಲಿಲ್ಲದ ಚೆಂಡೊಂದನ್ನು ಹಿಡಿದಂತೆ, ಅರ್ಧ ಮಡಚಿದ್ದವು.

ಗುರುವಾರ ಚಿಕ್ಕಪ್ಪ ಬಂದರು. ಹುಬ್ಬಿನ ಮೇಲೂ ಧೂಳು. ಚಪ್ಪಲಿ ಕಳಚುವ ಮೊದಲೇ ಅಜ್ಜಿ ಎಲ್ಲ ಹೇಳಿ ಮುಗಿಸಿದರು. ಚಿಕ್ಕಪ್ಪ ನೀರು ಕುಡಿದು, ಲೋಟ ಕೆಳಗಿಟ್ಟು, ‘ಉಟ್ಟುಕೊಳ್ಳಲಿ ಅಮ್ಮ. ನಾನು ಇರುವಾಗಲೇ ಉಟ್ಟರೆ ನನಗೂ ನೋಡ್ಲಿಕ್ಕೆ ಸಿಗ್ತದಲ್ಲ’ ಎಂದರು.

ಹೀಗೆ ನನ್ನ ನೆನಪು. ಅಮ್ಮ ಒಪ್ಪುವುದಿಲ್ಲ. ಅವರ ಪ್ರಕಾರ ಚಿಕ್ಕಪ್ಪ ಅಂದದ್ದು, ಅರಬರು ಅವಸರಿಸುವ ಹಾಗೆ, ‘ಯಲ್ಲಾ, ನಾಳೆ ಬೇಗ ಹೊರಡು’ ಎಂದಷ್ಟೇ. ಇರಬಹುದು. ಮನೆಮಾತಾದ ತುಳುವಿನಲ್ಲಿ ಅಂದದ್ದು ನನ್ನಲ್ಲಿ ಕನ್ನಡವಾಗಿ ಕೂತಿರುವುದೇ ಅನುಮಾನಕ್ಕೆ ಸಾಕು. ಆದರೆ ಮರುದಿನ ಬೆಳಿಗ್ಗೆ ಅಜ್ಜಿ ತಾವು ಎಂದೋ ಬಿಟ್ಟ ಕುಂಕುಮದ ಭರಣಿಯನ್ನು ತಮ್ಮ ಕೈಯಿಂದ ಮುಟ್ಟದೆ, ನನ್ನಿಂದ ತರಿಸಿ ಚಿಕ್ಕಮ್ಮನ ಮುಂದೆ ಇಡಿಸಿದ್ದು ನಿಜ, ಅಮ್ಮನೂ ಒಪ್ಪುತ್ತಾರೆ. ‘ದೊಡ್ಡದು ಇಟ್ಟುಕೋ. ದೂರಕ್ಕೆ ಕಾಣ್ಬೇಕು’ ಎಂದರು ಅಜ್ಜಿ. ಚಿಕ್ಕಮ್ಮ ಗೆದ್ದರು. ಕೊನೆಯ ಚೆಂಡು ಎಲ್ಲಿಗೋ ಹೋಗುತ್ತಿದೆ ಎಂದುಕೊಳ್ಳುವಷ್ಟರಲ್ಲಿ ಬಾಗಿ ಬಂದು ಬಿಳಿ ಚೆಂಡಿಗೆ ಒರಗಿತು. ಚಿಕ್ಕಪ್ಪ ಚಪ್ಪಾಳೆ ತಟ್ಟುವುದನ್ನೂ ಮರೆತು ಹೆಂಡತಿಯನ್ನೇ ನೋಡುತ್ತ ನಿಂತಿದ್ದರು.

ಆಮೇಲೆ ಹಲವು ವರ್ಷ ಆ ಸೀರೆ ಫೈನಲುಗಳಿಗೆ ಹೋಗಿ ಬಂತು. ಅಜ್ಜಿ ಊರಿನಲ್ಲಿ ತೀರಿಕೊಂಡರು. ತೊಂಬತ್ತರ ದಶಕದ ನಡುವೆ ಚಿಕ್ಕಪ್ಪ ಹೋದರು. ರಸ್ತೆಯಲ್ಲಲ್ಲ, ಆಸ್ಪತ್ರೆಯ ಮಂಚದಲ್ಲಿ, ಹೃದಯದ ಕಾಯಿಲೆಯಿಂದ. ಆ ವರ್ಷವೂ ಕ್ಲಬ್ಬಿನವರು ಪಂದ್ಯಕ್ಕೆ ಕರೆದರು. ಚಿಕ್ಕಮ್ಮ ಒಪ್ಪಲಿಲ್ಲ. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದ ನಾನು ರಜೆಗೆ ಮಸ್ಕತ್ತಿಗೆ ಹೋಗಿದ್ದೆ. ‘ಈ ನಂಬಿಕೆಗಳನ್ನೆಲ್ಲ ನೀವೂ ಇಟ್ಟುಕೊಂಡರೆ ಹೇಗೆ ಚಿಕ್ಕಮ್ಮ, ಹೋಗಿ ಆಡಿ’ ಎಂದು ವಾದಿಸಿದೆ.

‘ನಂಬಿಕೆ ಎಂಥದ್ದೂ ಇಲ್ಲ ಮಾರಾಯ,’ ಎಂದರು. ‘ಆಗ ಉಟ್ಟದ್ದು ಆಟಕ್ಕೆ. ಈಗ ಉಟ್ಟರೆ ಆಟಕ್ಕೆ ಅಂತ ಯಾರು ನಂಬ್ತಾರೆ?’

ಫೈನಲಿನ ಶುಕ್ರವಾರ ಅವರು ಮನೆಯಲ್ಲೇ ನೀರುದೋಸೆ ಹೊಯ್ಯುತ್ತಿದ್ದರು. ಮ್ಯಾನೇಜರನ ಹೆಂಡತಿಯ ಫೋನ್ ಬಂತು. ಯಾರು ಗೆದ್ದದ್ದೆಂದು ಕೇಳಿಕೊಂಡು, ಒಳ್ಳೆಯದಾಯಿತೆಂದು ಹೇಳಿ, ಮತ್ತೆ ಒಲೆಯ ಮುಂದೆ ನಿಂತರು. ಉಟ್ಟಿದ್ದದ್ದು ಕೆಂಪು ಹೂವಿನ ಸೀರೆ ಎಂದು ನನ್ನ ನೆನಪು. ಅಮ್ಮ ನೀಲಿ ಎನ್ನುತ್ತಾರೆ. ಬಿಳಿಯಂತೂ ಅಲ್ಲ.