ನಮ್ಮ ಹಿತ್ತಲ ಹುಳ, ಅವರ ಹೊಲದ ಹುಳ

ಎಂಬತ್ತರ ದಶಕದ ಒಂದು ಅವರೆಕಾಯಿ ಕಾಲ. ನಾನು ಗುಬ್ಬಿಯಿಂದ ತುಮಕೂರಿಗೆ ರೈಲಿನಲ್ಲಿ ಓಡಾಡಿಕೊಂಡು ಬಿ.ಎಸ್ಸಿ. ಓದುತ್ತಿದ್ದೆ. ನಮ್ಮ ಅಬ್ಬಾ ಗುಬ್ಬಿಯಲ್ಲಿ ಬೀಜ, ಗೊಬ್ಬರ, ಹುಳದ ಔಷಧಿಯ ಅಂಗಡಿ ಇಟ್ಟಿದ್ದರು. ಅಂಗಡಿಯ ಹಿಂದೆಯೇ ಮನೆ. ಕಾಲೇಜಿಗೆ ರಜೆ ಬಂದಾಗ ಗಲ್ಲಾದ ಪಕ್ಕ ನಾನೂ ಕೂರುತ್ತಿದ್ದೆ.

ಒಂದು ದಿನ ನಿಟ್ಟೂರಿನ ಕಡೆಯ ರೈತರೊಬ್ಬರು, ಅಂಗಡಿ ತುಂಬ ಜನವಿದ್ದಾಗಲೇ ಬಂದು, ಅರ್ಧ ಖಾಲಿಯಾದ ಔಷಧಿ ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿದರು. ಟವೆಲಿನ ಗಂಟು ಬಿಚ್ಚಿ ಅವರೆಕಾಯಿ ಸುರಿದರು. ಕಾಯಿಯೊಳಗಿಂದ ಹಸಿರು ಹುಳಗಳು ತೆವಳಿ ಬಂದವು.

"ನೋಡಿ ಸಾಬ್ರೇ, ನಿಮ್ಮ ಔಷ್ದಿ ಕುಡ್ದು ಮೈಕೈ ತುಂಬ್ಕೊಂಡವೆ. ಎಷ್ಟು ನೀರು ಬೆರ್ಸಿದ್ರಿ?"

ಅಬ್ಬಾ ತಲೆ ತಗ್ಗಿಸಿದರು. ಕಲಬೆರಕೆ ಎಂಬ ಮಾತು ಸಂತೆಗೆ ಬಿದ್ದರೆ ಆಮೇಲೆ ಆ ಅಂಗಡಿಯ ಮೆಟ್ಟಿಲು ಯಾರು ಹತ್ತುತ್ತಾರೆ? ನನಗೆ ಮೈಯೆಲ್ಲ ಉರಿದುಹೋಯಿತು.

"ಸುಮ್ನಿರು ಬೇಟಿ," ಅಂದರು ಅಬ್ಬಾ. ನಾನು ಸುಮ್ಮನಿರುವ ಪೈಕಿಯೇ ಅಲ್ಲ.

ನಮ್ಮ ಹಿತ್ತಲ ಬೇಲಿಗೆ ಹಬ್ಬಿದ್ದ ಅವರೆ ಬಳ್ಳಿಗೆ ಯಾವತ್ತೂ ಔಷಧಿ ಹೊಡೆದಿರಲಿಲ್ಲ. ಅದರ ಹುಳಗಳನ್ನು ಒಂದು ಡಬ್ಬಿಗೆ ಹಾಕಿದೆ, ಅವರ ಹೊಲದವನ್ನು ಇನ್ನೊಂದಕ್ಕೆ. ಅವರ ಕಣ್ಣೆದುರೇ, ಅವರದೇ ಬಾಟಲಿಯಿಂದ, ಎರಡಕ್ಕೂ ಒಂದೇ ಅಳತೆ ಬಿಟ್ಟೆ. "ನಾಳೆ ಬನ್ನಿ," ಅಂದೆ.

ಮರುದಿನ ನಮ್ಮ ಹುಳಗಳು ಸತ್ತು ಸುರುಟಿಕೊಂಡಿದ್ದವು. ಅವರವು ಆರಾಮಾಗಿ ಕಾಯಿ ಕೊರೆಯುತ್ತಿದ್ದವು.

"ಬರೀ ನೀರಾಗಿದ್ರೆ ನಮ್ಮವು ಯಾಕೆ ಸತ್ವು?" ಎಂದು ಜೋರಾಗಿಯೇ ಕೇಳಿದೆ. ಹುಳದ ಮೈಯೊಳಗೆ ಕಿಣ್ವಗಳಿರುತ್ತವೆ, ವಿಷವನ್ನು ಒಡೆದು ಸಪ್ಪೆ ಮಾಡಿ ಹೊರಗೆ ಹಾಕುತ್ತವೆ ಎಂದು ವಿವರಿಸಿದೆ. ಪ್ರತಿ ವರ್ಷ ಅದೇ ಔಷಧಿ ಹೊಡೆದರೆ ಕಿಣ್ವ ಕಡಿಮೆ ಇರುವ ಹುಳ ಸಾಯುತ್ತದೆ. ಜಾಸ್ತಿ ಇರುವುದು ಉಳಿದು, ಚಿಟ್ಟೆಯಾಗಿ ಮೊಟ್ಟೆ ಇಡುತ್ತದೆ. ಬರುಬರುತ್ತ ಹೊಲದ ತುಂಬ ಅದರದೇ ಸಂತಾನ.

ರೈತರು ಡಬ್ಬಿಗಳನ್ನೇ ನೋಡುತ್ತ ನಿಂತರು. "ತಪ್ಪಾಯ್ತು ಸಾಬ್ರೇ," ಅಂದರು. "ಹಂಗಾದ್ರೆ ಡಬಲ್ ಹೊಡೀತೀನಿ ಬುಡಿ. ಇನ್ನೊಂದು ಬಾಟ್ಲಿ ಕೊಡಿ."

ಗೆದ್ದೆನೆಂದು ಬೀಗುತ್ತಿದ್ದ ನಾನು ಬಾಟಲಿಗೆ ಕೈಚಾಚಿದೆ. ಅಬ್ಬಾ ನನ್ನ ಕೈ ಹಿಡಿದರು.

"ಕೊಡಲ್ಲ. ಈಗ ತಾನೇ ನೀನೇ ಹೇಳ್ದೆಯಲ್ಲ, ಡಬಲ್ ಹೊಡೆದ್ರೆ ಅದಕ್ಕೂ ಸಾಯದೆ ಇರೋವು ಹುಟ್ತವೆ."

ಆಮೇಲೆ ರೈತರ ಕಡೆ ತಿರುಗಿ, ತಲೆ ಎತ್ತಿಕೊಂಡೇ ಅಂದರು: "ನಿನ್ನೆ ನಾನು ಮೋಸಗಾರ ಆಗಿರ್ಲಿಲ್ಲ ಯಜಮಾನ್ರೇ. ಗೊತ್ತಿದ್ದೂ ಇವತ್ತು ಇದನ್ನ ಮಾರಿದ್ರೆ ಆಗ್ತೀನಿ."